ಬಸ್ಸಿನಲ್ಲಿ ಹೋದ ಪಟ

ನಾನು ಬೈಂದೂರಿನಿಂದ ಒಂದು ದಿನಪತ್ರಿಕೆಗೆ ಬರೆಯುತ್ತಿದ್ದ ಕಾಲದಲ್ಲಿ ಸುದ್ದಿ ಹೋಗುತ್ತಿದ್ದುದು ಬಸ್ಸಿನಲ್ಲಿ. ಮಧ್ಯಾಹ್ನ ಎರಡೂವರೆಯ ಖಾಸಗಿ ಬಸ್ಸಿನ ಕಂಡಕ್ಟರನ ಕೈಗೆ ಖಾಕಿ ಕವರ್ ಕೊಟ್ಟರೆ ಅದು ಕುಂದಾಪುರ, ಬ್ರಹ್ಮಾವರ ದಾಟಿ ಸಂಜೆಯೊಳಗೆ ಪ್ರೆಸ್ಸು ಮುಟ್ಟುತ್ತಿತ್ತು. ಪಂಚಾಯತ್ ಸಭೆ, ಕಡಲ್ಕೊರೆತ, ಶಾಲೆಯ ವಾರ್ಷಿಕೋತ್ಸವ, ಅದರ ಜೊತೆಗೆ ಹೆಚ್ಚುಕಡಿಮೆ ದಿನವೂ ಒಂದು ನಿಧನ ವಾರ್ತೆ. ಮುಂಬೈಯ ಹೋಟೆಲುಗಳಲ್ಲಿದ್ದ ನಮ್ಮ ಕಡೆಯವರಲ್ಲಿ ಎಷ್ಟೋ ಮಂದಿ ಊರಿನ ಸಾವನ್ನು ಆ ಕಾಲಂ ಓದಿಯೇ ತಿಳಿಯುತ್ತಿದ್ದರು.

ನಿಧನ ವಾರ್ತೆಗೆ ಪಟ ಬೇಕಿತ್ತು. ಫೋಟೊವನ್ನು ನಮ್ಮಲ್ಲಿ ಪಟ ಎನ್ನುತ್ತಾರೆ. ಸತ್ತವರ ಮನೆಗೆ ಹೋಗಿ, ಸ್ವಲ್ಪ ಹೊತ್ತು ಕೂತು, ಆಮೇಲೆ ಪಟ ಕೇಳುವುದು ನನ್ನ ಕೆಲಸದ ಭಾಗವಾಗಿತ್ತು. ಹಿಂಬದಿಯಲ್ಲಿ ಪೆನ್ಸಿಲಿನಿಂದ ‘ವಾಪಸು ಬೇಕು’ ಎಂದು ಬರೆದು ಕವರಿಗೆ ಹಾಕುತ್ತಿದ್ದೆ. ಕೆಲವು ಅದೇ ಬಸ್ಸಿನಲ್ಲಿ ಹಿಂದಕ್ಕೆ ಬರುತ್ತಿದ್ದವು. ಕೆಲವು ಬರುತ್ತಿರಲಿಲ್ಲ.

ಬಾರದೆ ಹೋದವುಗಳಲ್ಲಿ ಒಂದು ಉಪ್ಪುಂದದ ಒಬ್ಬ ಹೆಂಗಸಿನದು. ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆಯುತ್ತಿದ್ದವಳು. ಅವಳು ಜೀವಮಾನದಲ್ಲಿ ಒಮ್ಮೆ ಮಾತ್ರ ಪಟ ತೆಗೆಸಿಕೊಂಡಿದ್ದಳು, ಕಾರ್ಖಾನೆಯ ಗುರುತು ಚೀಟಿಗಾಗಿ. ಚೀಟಿಯಿಂದ ಅದನ್ನು ಕಿತ್ತು ಕೊಟ್ಟವಳು ಅವಳ ಮಗಳು, ಆಗ ಏಳನೇ ತರಗತಿ. ಕಾರ್ಖಾನೆಯ ದುಂಡು ಸೀಲಿನ ಒಂದು ತುಂಡು ತಾಯಿಯ ಎಡ ಹೆಗಲಿನ ಮೇಲೆ ಉಳಿದಿತ್ತು. ಆಮೇಲೆ ಸುಮಾರು ಎರಡು ತಿಂಗಳು ಆ ಹುಡುಗಿ ಶಾಲೆ ಬಿಟ್ಟ ಕೂಡಲೇ ನನ್ನ ಕೋಣೆಯ ಮೆಟ್ಟಿಲ ಹತ್ತಿರ ಬಂದು ಕೇಳುತ್ತಿದ್ದಳು, “ಬಸ್ಸಗೆ ಬಂತಾ?” ನಾನು ಇಲ್ಲ ಎನ್ನುತ್ತಿದ್ದೆ. ಒಂದು ದಿನ ಅವಳು ಬರುವುದನ್ನು ನಿಲ್ಲಿಸಿದಳು. ನನಗೆ ಹಗುರವೆನಿಸಿತು. ಇದನ್ನೂ ದಾಖಲಿಸಬೇಕು.

ನಲವತ್ತು ವರ್ಷಗಳ ಮೇಲೆ, ಕಳೆದ ತಿಂಗಳು, ಕುಂದಾಪುರದ ನನ್ನ ಮನೆಯ ಬಾಗಿಲಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು ಚಪ್ಪಲಿ ಬಿಡುತ್ತ ನಿಂತಿದ್ದಳು.

“ಹ್ವಾಯ್ ಪೇಪ್ರಿನವ್ರೆ, ಗುರ್ತ ಸಿಕ್ತಾ?”

ಸಿಗಲಿಲ್ಲ.

“ನಮ್ಮ ಅಬ್ಬಿ ಪಟ ಬಂತಾ ಅಂದೇಳಿ ಕೇಂಬುಕೆ ಬಂದೆ.”

ಅಬ್ಬಿ ಎಂದರೆ ತಾಯಿ. ಆಗ ಗುರುತು ಸಿಕ್ಕಿತು. ಅವಳು ನಗುತ್ತಲೇ ಹೇಳಿದ್ದಳು, ಆದರೆ ಕುರ್ಚಿಯಲ್ಲಿ ಕೂತ ಮೇಲೆ ನಗಲಿಲ್ಲ.

“ಅಪ್ಪಯ್ಯನ ಪಟ ಗೋಡಿ ಮೇಲ್ ಇತ್ತ್. ಅಬ್ಬಿದ್ ಇಲ್ಲ. ಮೊದ್ಲೆಲ್ಲ ಕಣ್ ಮುಚ್ರೆ ಮುಖ ಕಾಂತಿತ್ತ್. ಈಗ ಅದೂ ಕಾಂತಿಲ್ಲ ಮರ್ರೆ. ಕೈ ಕಾಂತ್, ಬೀಜದ ಎಣ್ಣಿ ಹಿಡ್ದ್ ಕಪ್ಪಾದ್ ಕೈ. ಮುಖ ಮಾತ್ರ ಇಲ್ಲ.”

ಬ್ರಹ್ಮಾವರದ ಕಡೆಯ ಒಂದು ಕಾಲೇಜಿನಲ್ಲಿ ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸಿದ್ದಾರೆಂದು ಅವಳಿಗೆ ಯಾರೋ ಹೇಳಿದ್ದರು. ನನಗೂ ಗೊತ್ತಿತ್ತು. ಕೋಟದ ಹತ್ತಿರದ ಮನೆಯೊಂದರ ಅಟ್ಟದಲ್ಲಿ, ತೀರಿಹೋದ ಹಿರಿಯರೊಬ್ಬರು ವರ್ಷವಾರು ಕಟ್ಟಿಟ್ಟಿದ್ದ ಪತ್ರಿಕೆಗಳು ಅವು. ಸಂಶೋಧನೆ ಮಾಡುವವರು ದೂರದೂರದಿಂದ ಅವನ್ನು ನೋಡುತ್ತಾರೆ. ನಾನು ಒಮ್ಮೆಯೂ ಹೋಗಿರಲಿಲ್ಲ. ಮರುದಿನ ಇಬ್ಬರೂ ಬಸ್ಸು ಹತ್ತಿದೆವು.

ಆ ಸಂಗ್ರಹ ನೋಡಿಕೊಳ್ಳುತ್ತಿದ್ದ ಗ್ರಂಥಪಾಲಕಿ ಮೂವತ್ತರೊಳಗಿನವಳು, ಸಾಲಿಗ್ರಾಮದ ಕಡೆಯವಳು. ಪರದೆಯನ್ನು ನಮ್ಮ ಕಡೆ ತಿರುಗಿಸಿ, “ತೀರ್ಕಂಡವ್ರ್ ಹೆಸ್ರ್ ಹೇಳಿ, ಒಂದ್ ನಿಮಿಷದಗೆ ಬತ್ತ್” ಎಂದಳು.

ಮಗಳು ತಾಯಿಯ ಹೆಸರು ಹೇಳಿದಳು. ಏನೂ ಬರಲಿಲ್ಲ. ಕಾಗುಣಿತ ಬದಲಿಸಿ ನೋಡಿದರೂ ಇಲ್ಲ. ಗ್ರಂಥಪಾಲಕಿ ಮೂರನೆಯ ಸಲ ಟೈಪ್ ಮಾಡುವಾಗ ನನಗೆ ಕಾರಣ ಹೊಳೆಯಿತು. ಆ ಹೆಸರನ್ನು ನಾನು ಬರೆದೇ ಇರಲಿಲ್ಲ. ಇಂಥ ಊರಿನ ಇಂಥವರ ಪತ್ನಿ ಅಲ್ಪಕಾಲದ ಅಸೌಖ್ಯದಿಂದ ನಿಧನರಾದರು. ಪತಿ, ಇಬ್ಬರು ಪುತ್ರರು, ಓರ್ವ ಪುತ್ರಿಯನ್ನು ಅಗಲಿದ್ದಾರೆ. ಮದುವೆಯಾದ ಹೆಂಗಸರ ಸಾವನ್ನು ನಾನು ಬರೆಯುತ್ತಿದ್ದುದು ಹಾಗೆಯೇ. ನನಗಿಂತ ಮೊದಲು ಬೈಂದೂರಿನಿಂದ ಬರೆಯುತ್ತಿದ್ದವನೂ ಹಾಗೇ ಬರೆದಿದ್ದ. ಗಂಡನ ಹೆಸರು ತಪ್ಪಾದರೆ ಮರುದಿನ ತಿದ್ದುಪಡಿ ಬರುತ್ತಿತ್ತು. ಹೆಂಡತಿಯ ಹೆಸರಿಲ್ಲವೆಂದು ಯಾರೂ ತಿದ್ದುಪಡಿ ಕೇಳಲಿಲ್ಲ.

ವಿಷಯ ಹೇಳಿದೆ.

“ಎಂತ ಸರ್, ಗಂಡ, ಮಕ್ಳ್ ಎಲ್ಲ ಬರ್ದ್ರಿ, ಅವ್ರ್ ಹೆಸ್ರೊಂದ್ ಬರಿಲಿಲ್ಯಾ?” ಎಂದಳು ಗ್ರಂಥಪಾಲಕಿ.

“ಅವ್ರಿಗ್ ಪಟ ತಕಂಡ್ ಹೋಪುಕ್ ಮಾತ್ರ ಗೊತ್ತ್” ಎಂದಳು ಮಗಳು.

ತಂದೆಯ ಹೆಸರು ಹಾಕಿದರೆ ಬೇಕಾದಷ್ಟು ಪುಟಗಳು ಬಂದವು. ಆ ಹೆಸರಿನ ಗಂಡಸರು ನಮ್ಮ ಕರಾವಳಿಯಲ್ಲಿ ಕಡಿಮೆಯಿಲ್ಲ. ವಾಲಿಬಾಲ್ ಪಂದ್ಯ, ಸೊಸೈಟಿ ಚುನಾವಣೆ, ಜಾಗದ ತಕರಾರು. ನಿಧನದ ಕಾಲಮಿನ ಸಣ್ಣ ಅಕ್ಷರವನ್ನು ಯಂತ್ರ ಸರಿಯಾಗಿ ಓದಿಲ್ಲವೆಂದು ಗ್ರಂಥಪಾಲಕಿ ಹೇಳಿದಳು. ಇನ್ನು ಪುಟ ಪುಟ ನೋಡುವುದೇ ದಾರಿ.

“ದಿನ ನೆನ್ಪಿತ್ತಾ ಅಕ್ಕ?”

“ಮಳ್ಗಾಲ ಮುಗ್ದ್ ದೋಣಿ ಕಡ್ಲಿಗ್ ಇಳ್ದ ವಾರ. ನಾನ್ ಏಳ್ನೇ ಕ್ಲಾಸ್.”

ವರ್ಷ ಅಲ್ಲಿಂದ ಸಿಕ್ಕಿತು. ಪುಟ ನನಗೆ ಗೊತ್ತಿತ್ತು: ಐದನೆಯದು, ಎಡಗಡೆ, ಕೆಳಗೆ. ಒಂದೊಂದೇ ದಿನ ತೆರೆದೆವು. ಮೂಲೆಗಳನ್ನು ಒರಲೆ ತಿಂದಿತ್ತು. ಹಿರಿಯರು ಮಳೆಯ ಸುದ್ದಿಗಳಿಗೆಲ್ಲ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಗಂಗೊಳ್ಳಿಯ ದೋಣಿ ಹೊರಡುವ ಹೊತ್ತು, ಐಸ್ ಪ್ಲಾಂಟಿನ ಜಾಹೀರಾತು, ಟೆಂಟ್ ಟಾಕೀಸಿನಲ್ಲಿ ಬದಲಾದ ಚಿತ್ರ. ನಡುನಡುವೆ ‘ಬೈಂದೂರು’ ಎಂದು ಶುರುವಾಗುವ ನಾಲ್ಕು ಸಾಲು, ಆರು ಸಾಲು. ಬಾವಿಗೆ ಬಿದ್ದ ದನವನ್ನು ಮೇಲೆತ್ತಿದ ಸುದ್ದಿಗೂ ನಾನು ಹೋಗಿದ್ದೆ. ಹಗ್ಗ ಎಳೆದವರ ಹೆಸರು ಐದೂ ಇದ್ದವು. ಆ ಮಧ್ಯಾಹ್ನಗಳು, ಬಸ್ಸಿನ ಹಾರ್ನ್ ಕೇಳಿದರೂ ಮುಗಿಯದ ಕೊನೆಯ ಸಾಲು, ಅಂಗಿಗೆ ಅಂಟಿದ ಗೋಂದಿನ ವಾಸನೆ, ಎಲ್ಲ ಬಂದವು. ನಾನು ಓದುತ್ತ ನಿಂತುಬಿಡುತ್ತಿದ್ದೆ.

“ನಿಮ್ದ್ ಮನಿಗ್ ಹೋಯಿ ಓದಿ. ಈಗ ಮುಂದ್ ಹೋಪ” ಎಂದಳು ಮಗಳು.

ಒಂಬತ್ತನೆಯ ದಿನದ ಪತ್ರಿಕೆಯಲ್ಲಿ ಸಿಕ್ಕಿತು. ಏಳು ಸಾಲು, ಪಕ್ಕದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಪಟ.

ಗ್ರಂಥಪಾಲಕಿ ಅದನ್ನು ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು. ಮಗಳು ಪರದೆಗೆ ಮುಖ ತಾಗುವಷ್ಟು ಬಗ್ಗಿದ್ದಳು. ಪರದೆಯ ತುಂಬ ಕಪ್ಪು ಚುಕ್ಕಿಗಳು, ಕೆಲವು ಸಣ್ಣ, ಕೆಲವು ದಪ್ಪ. ಕಣ್ಣು ಯಾವುದು, ಬಾಯಿ ಯಾವುದು ಎಂದೇ ತಿಳಿಯಲಿಲ್ಲ.

“ಇದೆಂತ? ಇದ್ರಗೆ ಅಬ್ಬಿ ಎಲ್ಲಿದ್ಲ್?” ಅವಳು ಪರದೆಯ ಮೇಲೆ ಬೆರಳಾಡಿಸಿದಳು.

ಪತ್ರಿಕೆಯಲ್ಲಿ ಪಟ ಅಚ್ಚಾಗುತ್ತಿದ್ದುದೇ ಚುಕ್ಕಿಗಳಾಗಿ. ಹತ್ತಿರ ಹೋದಷ್ಟೂ ಅದು ಬಿಡಿಬಿಡಿಯಾಗುತ್ತದೆ. ಅವಳಿಗೆ ಹಿಂದೆ ಸರಿಯಲು ಹೇಳಿದೆ. ಎರಡು ಹೆಜ್ಜೆ ಸರಿದಳು. ಇನ್ನೂ ಹಿಂದೆ ಎಂದೆ. ಮೇಜು ದಾಟಿ, ಕಪಾಟು ದಾಟಿ, ಬಾಗಿಲಿನ ದಾರಂದಕ್ಕೆ ಬೆನ್ನು ಕೊಟ್ಟು ನಿಂತು ತಿರುಗಿದಳು.

ಕಣ್ಣು ಕಿರಿದು ಮಾಡಿ ಪರದೆಯನ್ನು ನೋಡಿದಳು.

“ಸೀಲ್ ಕಾಂತ್” ಎಂದಳು. “ಹೆಗಲ್ ಮೇಲೆ.” ಆಮೇಲೆ, “ಮೂಗ್ ಬಟ್ಟ್. ಕಣ್ಣ್. ಹ್ವಾಯ್, ಸಿಟ್ಟಗಿತ್ತ್ ಕಾಣಿ! ಪಟ ತೆಗುವವ ನಗಿ ಅಂದ್ನಂಬ್ರ್. ಅಬ್ಬಿ ನಗ್ಲೇ ಇಲ್ಲ ಅಂಬ್ರ್.” ಅವಳು ನಗುತ್ತಿದ್ದಳು, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಬಾಗಿಲು ಬಿಟ್ಟು ಮುಂದೆ ಬರಲಿಲ್ಲ.

ಹೊರಡುವ ಮೊದಲು ಗ್ರಂಥಪಾಲಕಿ ಆ ಪುಟದ ವಿವರ ತುಂಬುವ ಪಟ್ಟಿ ತೆರೆದಳು. ವ್ಯಕ್ತಿಯ ಹೆಸರು ಎಂಬಲ್ಲಿ ಖಾಲಿ ಇತ್ತು. ಅವಳು ಕೀಬೋರ್ಡನ್ನು ನನ್ನ ಕಡೆ ತಳ್ಳಿದಳು. ಬಾಗಿಲಿನಿಂದ ಮಗಳು ಹೆಸರು ಹೇಳಿದಳು, ನಾನು ಒಂದು ಬೆರಳಿನಲ್ಲಿ ಒತ್ತಿದೆ. ಈ ಬರಹದಲ್ಲಿ ಯಾರ ಹೆಸರನ್ನೂ ಬರೆದಿಲ್ಲ. ಆ ಹೆಸರು ಅಲ್ಲಿದೆ, ಹುಡುಕಿದರೆ ಸಿಗುತ್ತದೆ.

ಪ್ರಿಂಟ್ ತೆಗೆದು ಕೊಟ್ಟರು. ಸಂಜೆಯ ಬಸ್ಸಿನಲ್ಲಿ ಮಗಳು ಕಿಟಕಿಯ ಹತ್ತಿರ ಕೂತು, ಹಾಳೆಯನ್ನು ಕೈ ಚಾಚಿ ದೂರ ಹಿಡಿದಿದ್ದಳು. ಬಸ್ಸು ಕುಲುಕಿದಾಗಲೆಲ್ಲ ಇನ್ನೊಂದು ಕೈ ಆಧಾರಕ್ಕೆ ಬರುತ್ತಿತ್ತು. ಪಕ್ಕದಲ್ಲಿದ್ದ ನನಗೆ ಓರೆಯಾಗಿ ಚುಕ್ಕಿಗಳಷ್ಟೇ ಕಾಣುತ್ತಿದ್ದವು. ಒಮ್ಮೆ ನೋಡುತ್ತೇನೆಂದು ಕೈ ನೀಡಿದೆ.

ಅವಳು ಹಾಳೆಯನ್ನು ಎದೆಗೆ ಒತ್ತಿಕೊಂಡಳು.

“ನಿಮ್ಮ ಕೈಗ್ ಕೊಡುದಿಲ್ಲ ಪೇಪ್ರಿನವ್ರೆ. ಆಚಿ ಸೀಟಗ್ ಕೂಕಣಿ, ಅಲ್ಲಿಂದ್ಲೇ ಕಾಣಿ.”

ಎದ್ದು ಹೋಗಿ ಆಚೆ ಸೀಟಿನಲ್ಲಿ ಕೂತೆ. ಅವಳು ಹಾಳೆಯನ್ನು ನನ್ನ ಕಡೆ ತಿರುಗಿಸಿ ಹಿಡಿದಳು.