ಮುಖವಿಲ್ಲದ ಅವ್ವನ ಪಟ

ಹೋದ ವಾರ ನಮ್ಮ ಮನೆಯ ಕಿಟಕಿಯ ಸರಳುಗಳಿಗೆ ಬಣ್ಣ ಹಚ್ಚಲು ಇಬ್ಬರು ಬಂದಿದ್ದರು. ಡಬ್ಬಿಯ ಮುಚ್ಚಳ ತೆಗೆದು ಟರ್ಪೆಂಟೈನ್ ಸುರಿದಾಗ ಆ ವಾಸನೆ ಅಡುಗೆಮನೆಯವರೆಗೂ ಬಂತು. ಮಾಡುತ್ತಿದ್ದ ಕೆಲಸ ಬಿಟ್ಟು ಸ್ವಲ್ಪ ಹೊತ್ತು ಕೂತುಬಿಟ್ಟೆ. ಅರವತ್ತು ವರ್ಷಗಳ ಹಿಂದಿನ ಸ್ಟೇಷನ್ ರಸ್ತೆ, ಅಲ್ಲೊಂದು ಕಿರಿದಾದ ಅಂಗಡಿ, ಬಾಗಿಲ ಪಕ್ಕ ಒಣಗಲು ನಿಲ್ಲಿಸಿದ ಬೋರ್ಡುಗಳು...

ಆ ಅಂಗಡಿಯವರನ್ನು ಎಲ್ಲರೂ ಪೇಂಟರ್ ಕಾಕಾ ಎಂದೇ ಕರೆಯುತ್ತಿದ್ದರು. ವಿಜಯಪುರವನ್ನು ನಾವಿನ್ನೂ ವಿಜಾಪುರ ಎನ್ನುತ್ತಿದ್ದ ಕಾಲ ಅದು. ಆ ರಸ್ತೆಯ ಅರ್ಧ ಅಂಗಡಿಗಳ ಬೋರ್ಡು ಅವರ ಕೈಯವು. ಕನ್ನಡ, ಮರಾಠಿ, ಉರ್ದು ಮೂರನ್ನೂ ಅಷ್ಟೇ ಚಂದವಾಗಿ ಬರೆಯುತ್ತಿದ್ದರು. ನಾಟಕ ಕಂಪನಿ ಬಂದರೆ ಅರಮನೆಯ ಪರದೆ, ಕಾಡಿನ ಪರದೆ ಅವರೇ ಬಿಡಿಸಬೇಕು. ಪೇಟಿ ಮಾಸ್ತರರಿಗೆ ಜ್ವರ ಬಂದರೆ ಹಾರ್ಮೋನಿಯಂ ಬಾರಿಸಲಿಕ್ಕೂ ಅವರೇ ಕೂಡಬೇಕು. ಮಣ್ಣಿನ ಮೂರ್ತಿ ಮಾಡುತ್ತಿದ್ದರು, ನಾಟಕಕ್ಕೆ ಪದ ಕಟ್ಟುತ್ತಿದ್ದರು. ಇಷ್ಟೆಲ್ಲ ಹೇಗೆ ಬರುತ್ತದೆ ಎಂದು ಒಮ್ಮೆ ಕೇಳಿದ್ದೆ.

"ಯಾವುದೂ ಪೂರಾ ಬರೂದಿಲ್ಲ ಮಗಳ. ಅದಕ್ಕ ಎಲ್ಲಾ ಮಾಡ್ತೀನಿ" ಎಂದಿದ್ದರು.

ನನಗೆ ಹತ್ತೊಂಬತ್ತು ತುಂಬಿದ ವರ್ಷ ಬಬಲೇಶ್ವರದಲ್ಲಿ ಅವ್ವ ತೀರಿಕೊಂಡಳು. ಮೂರು ದಿನದ ಜ್ವರ, ಅಷ್ಟೇ. ನಾನು ವಿಜಾಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಶಿಕ್ಷಕಿಯ ಟ್ರೇನಿಂಗ್ ಮಾಡುತ್ತಿದ್ದೆ. ಅವ್ವ ಬದುಕಿರುವಾಗ ಒಂದು ಫೋಟೋ ತೆಗೆಸಿಕೊಂಡವಳಲ್ಲ. ವರ್ಷದ ದಿನ ಹತ್ತಿರ ಬಂದಂತೆ ಅಪ್ಪನಿಗೆ ಅದೇ ಹಂಬಲವಾಯಿತು: ಗೋಡೆಗೆ ಹಾಕಲು ಅವಳದೊಂದು ಪಟ ಬೇಕು. ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಕಾಕಾನ ಅಂಗಡಿಗೆ ಹೋದೆ.

ತಾಯಿ ಮಗಳು ಒಂದೇ ಅಚ್ಚು ಎಂದು ಅತ್ತೆ ಹೇಳಿದ್ದರಿಂದ ಕಾಕಾ ಮೊದಲು ನನ್ನನ್ನೇ ಎದುರು ಕೂಡಿಸಿಕೊಂಡು, ನಾನು ಹೇಳಿದಂತೆ ತಿದ್ದುತ್ತ ಪೆನ್ಸಿಲ್ಲಿನಲ್ಲಿ ಬರೆದರು. ಒಂದಾದ ಮೇಲೊಂದು ಮೂರು ಮುಖ. ಮೂರನ್ನೂ ಊರಿಗೆ ಒಯ್ದೆ. ಒಂದರ ಮೂಗು ಸರಿಯಾಗಿದೆ, ಇನ್ನೊಂದರ ಗದ್ದ ಸರಿಯಾಗಿದೆ ಎಂದು ಮನೆಯವರು ವಾದ ಮಾಡಿದರು. ಅಪ್ಪ ಮಾತ್ರ ಒಂದೊಂದನ್ನೇ ನೋಡಿ ಬದಿಗಿಟ್ಟ. "ಇದು ಅಕಿ ಅಲ್ಲ" ಎಂದ. ಮೂರನೆಯದನ್ನು ಬಹಳ ಹೊತ್ತು ನೋಡಿದ. ಮರುದಿನ ನಾನು ಹೊರಡುವಾಗ ಮೆತ್ತಗೆ ಹೇಳಿದ: "ಇದೂ ಅಕಿ ಅಲ್ಲ ಮಗಳ. ಆದ್ರ ಕಣ್ಣ ಮುಚ್ಚಿದ್ರ ಈಗ ಅಕಿ ಬದಲಿಗೆ ಈ ಮುಖಾನ ಬರಾಕತ್ತೈತಿ."

ಈ ಮಾತನ್ನು ಸಹಜವಾಗಿ ಕಾಕಾನಿಗೆ ಹೇಳಿದೆ. ಅಕ್ಷರ ಬರೆಯುತ್ತಿದ್ದ ಅವರ ಬ್ರಶ್ಶು ನಿಂತಿತು. ಇನ್ನೊಮ್ಮೆ ಹೇಳಿಸಿಕೊಂಡರು.

ಆ ವಾರವೇ ನನ್ನ ಜೊತೆ ಬಸ್ಸು ಹತ್ತಿ ಬಬಲೇಶ್ವರಕ್ಕೆ ಬಂದು ಎರಡು ದಿನ ನಮ್ಮ ಮನೆಯಲ್ಲಿ ಉಳಿದರು. ಅವ್ವನ ಸೀರೆಗಳನ್ನು ಬಿಡಿಸಿ ನೋಡಿದರು. ಅವಳು ರೊಟ್ಟಿ ಬಡಿಯುತ್ತಿದ್ದ ಜಾಗದಲ್ಲಿ ಸುಮ್ಮನೆ ಕೂತರು. ಅಲ್ಲಿಂದ ಅವಳ ತವರು ಟಿಕೋಟಾಕ್ಕೆ ಹೋಗಿ, ಅವ್ವ ಬೀಸುವಾಗ ಹಾಡುತ್ತಿದ್ದ ಹಾಡನ್ನು ಅವಳ ತಾಯಿ, ನಮ್ಮ ಆಯಿಯಿಂದ ಹೇಳಿಸಿಕೊಂಡರು. ಹಾಡು ಮರೆತಲ್ಲಿ ಆಯಿ ಬರೀ ರಾಗ ಎಳೆದಳು. ಕಾಕಾ ಕಣ್ಣು ಮುಚ್ಚಿ ಅವಳ ಜೊತೆಗೆ ಗುನುಗಿದರು. ಕಾಗದದ ಮೇಲೆ ಮಾತ್ರ ಒಂದು ಗೆರೆಯನ್ನೂ ಎಳೆಯಲಿಲ್ಲ.

ವರ್ಷದ ದಿನದ ಮುನ್ನಾದಿನ ಪಟ ಕೈಗೆ ಕೊಟ್ಟರು. ಎರಡು ಮೊಳದ ಚೌಕಟ್ಟು, ಅದಕ್ಕೆ ನಾಟಕದ ಪರದೆಯ ದಪ್ಪ ಬಟ್ಟೆ ಬಿಗಿದಿತ್ತು. ಮುಖವಿಲ್ಲ, ಕಣ್ಣಿಲ್ಲ. ಕೆಳಗೆಲ್ಲ ಕಪ್ಪು. ಕಪ್ಪಿನೊಳಗಿಂದ ಮಾಸಿದ ಕೆಂಪು. ನಡುವೆ ಬೂದುಬಿಳುಪು, ಅಂಗೈಯಿಂದಲೇ ತಿಕ್ಕಿದ ಹಾಗೆ ಸುತ್ತಿ ಸುತ್ತಿ ಹೋಗಿತ್ತು. ಒಂದು ಮೂಲೆಯಲ್ಲಿ ಉಗುರಿನಷ್ಟು ಹಳದಿ. ಮುಟ್ಟಿದರೆ ಒರಟು, ಬಣ್ಣದಲ್ಲಿ ಜೋಳದ ಹಿಟ್ಟು ಕಲಸಿದ್ದರೋ ಏನೋ...

ಬೇರೆ ಬರೆಸಲು ಸಮಯವಿರಲಿಲ್ಲ; ಅದನ್ನೇ ಹೊತ್ತು ಊರಿಗೆ ಹೋದೆ. ಬಂದ ನೆಂಟರು ಮುಖ ಎಲ್ಲಿ ಎಂದು ಕೇಳಿದರು. ಯಾರೋ ನಕ್ಕರು. ಅಪ್ಪ ಪಟವನ್ನು ಗೋಡೆಗೆ ಮುಖ ಮಾಡಿ ಇಟ್ಟು ಹೊರಗೆ ಹೋದ. ಪೂಜೆ ಪಟವಿಲ್ಲದೆಯೇ ಮುಗಿಯಿತು.

ಮರುದಿನ ಅದನ್ನು ಹೊತ್ತು ತಂದು ಕಾಕಾನ ಮುಂದೆ ಇಟ್ಟೆ. "ನಮ್ಮವ್ವನ್ನ ಚೇಷ್ಟಿ ಮಾಡೀರಿ. ಬರೂದಿಲ್ಲ ಅಂತ ಮೊದಲ ಹೇಳಬೇಕಿತ್ತು" ಎಂದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು; ಅವರ ಮುಂದೆಯೇ ಅಂದೆ. ಕಾಕಾ ಕೈ ಒರೆಸಿಕೊಂಡು ಪಟವನ್ನು ಒಳಗೆ ಒಯ್ದಿಟ್ಟರು.

ಹದಿನೈದು ದಿನಕ್ಕೆ ಅಪ್ಪ ವಿಜಾಪುರಕ್ಕೆ ಬಂದು, ನನ್ನನ್ನೂ ಕರೆದುಕೊಂಡು ನೆಟ್ಟಗೆ ಆ ಅಂಗಡಿಗೆ ಹೋದ.

"ಆ ಮೂರೂ ಕಾಗದಾ ಒಲಿಗೆ ಹಾಕಿದೆ ನೋಡ್ರಿ" ಎಂದ ಅಪ್ಪ. "ಬರ್ತಾ ಬರ್ತಾ ಆ ಕಾಗದದ ಮುಖ ಕಣ್ಣಾಗಿಂದ ಹೋತು. ನಿನ್ನೆ ಹೊಲದಾಗ ಕುಂತಾಗ ಅಕಿ ಕಣ್ಣ ಮುಂದ ಬಂದ್ಲು, ಅಕೀನ. ನಿಮ್ಮ ಪಟಾ ನೋಡಿದ್ದು ನೆನಪಾತು. ಅದು ಅಕಿನ್ನ ಅಳಿಸಿಲ್ರಿ. ನಿಮಗ ಹೆಂಗ ಗೊತ್ತಾತು?"

ಕಾಕಾ ಕೈಯಲ್ಲಿದ್ದ ಬ್ರಶ್ಶನ್ನು ಟರ್ಪೆಂಟೈನಿನಲ್ಲಿ ಅದ್ದಿಟ್ಟರು. ಆಮೇಲೆ ಹೇಳಿದರು. ಅವರಿಗೊಬ್ಬ ಮಗಳಿದ್ದಳು. ಆರು ವರ್ಷದವಳಿದ್ದಾಗ ತೀರಿಕೊಂಡಳು. ನೆನಪಿನಿಂದಲೇ ಅವಳ ಪಟ ಬರೆದರು. ನೋಡಿದವರೆಲ್ಲ ಮಗು ಜೀವಂತ ಕೂತಂಗೈತಿ ಎಂದು ಹೊಗಳಿದರು.

"ಭಾಳ ಛಲೋ ಬಂದಿತ್ರಿ ಆ ಪಟಾ" ಎಂದರು. "ಈಗ ನನಗ ಪಟಾ ಅಷ್ಟ ನೆನಪೈತಿ. ಮಗಳು ನೆನಪಿಲ್ಲ."

ಅಪ್ಪ ಅವರ ಕೈ ಹಿಡಿದುಕೊಂಡ. ನಾನು ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದೆ. ತಪ್ಪಾಯಿತು ಎನ್ನಬೇಕಿತ್ತು. ಇನ್ನೊಮ್ಮೆ ಬಂದಾಗ ಹೇಳಿದರಾಯಿತು ಎಂದುಕೊಂಡೆ.

ಅವ್ವನ ಪಟವನ್ನು ಅಪ್ಪ ಅಂದೇ ಊರಿಗೆ ಒಯ್ದ; ಅವನು ಇರುವವರೆಗೂ ಅದು ಬಬಲೇಶ್ವರದ ಮನೆಯ ಪಡಸಾಲೆಯಲ್ಲಿತ್ತು. ಇದೇನು ಎಂದು ಯಾರಾದರೂ ಕೇಳಿದರೆ "ನಮ್ಮನಿಯಾಕಿ" ಎಂದು ಹೇಳಿ ಚಹಾ ತರಿಸುತ್ತಿದ್ದ. ನನಗೆ ನಿಡೋಣಿಯ ಶಾಲೆಯಲ್ಲಿ ನೌಕರಿ ಸಿಕ್ಕಿತು, ಮದುವೆಯಾಯಿತು, ಮಕ್ಕಳಾದವು. ಬಹಳ ವರ್ಷಗಳ ಮೇಲೆ ಸ್ಟೇಷನ್ ರಸ್ತೆಗೆ ಹೋದಾಗ ಆ ಜಾಗದಲ್ಲಿ ಸೈಕಲ್ ಅಂಗಡಿಯಿತ್ತು. ಪೇಂಟರ್ ಕಾಕಾ ತೀರಿಕೊಂಡು ಎರಡು ವರ್ಷವಾಯಿತೆಂದು ಅಂಗಡಿಯವನು ಹೇಳಿದ.

ಪಟ ಈಗ ನನ್ನ ಮನೆಯಲ್ಲಿದೆ. ಬಣ್ಣ ಅಲ್ಲಲ್ಲಿ ಬಿರುಕು ಬಿಟ್ಟಿದೆ. ಅವ್ವನ ಮುಖ ನನಗೆ ಇವತ್ತಿಗೂ ಹಾಗೆಯೇ ಕಾಣುತ್ತದೆ, ನಗುವಾಗ ಒಂದು ಬದಿಗೆ ಸರಿಯುವ ತುಟಿ ಸಮೇತ. ಕಾಕಾನದು ಮಾತ್ರ... ಉಗುರಿನ ಸಂದಿಯಲ್ಲಿ ಬಣ್ಣ ಕೂತ ಆ ಕೈಗಳು ಕಾಣುತ್ತವೆ, ದನಿಯೂ ಕೇಳುತ್ತದೆ. ಮುಖ ಎಷ್ಟು ಯೋಚಿಸಿದರೂ ಬರುವುದಿಲ್ಲ. ಅವತ್ತು ಗಿರಾಕಿಗಳ ಮುಂದೆ ಅಷ್ಟು ಮಾತಾಡಿದೆನಲ್ಲ, ಆಗಲೂ ನಾನು ಅವರ ಮುಖ ನೋಡಿರಲಿಲ್ಲ.