ಕೌಂಟರಿನ ಮೂಲೆಯಲ್ಲೊಂದು ಲೋಟ ನೀರು

ಮಲಾಡ್ ಪೂರ್ವದ ಗಲ್ಲಿಗೆ ಬೆಳಕು ಇನ್ನೂ ಇಳಿದಿಲ್ಲ. ಔಷಧಿ ಅಂಗಡಿಯ ಅರ್ಧ ಎತ್ತಿದ ಶಟರಿನಡಿಯಿಂದ ಟ್ಯೂಬ್‌ಲೈಟಿನ ಬೆಳಕು ತೆಳ್ಳಗೆ ಹೊರಗೆ ಹರಿದಿದೆ. ಒಳಗೆ ವಾರಿಜಾ ಸ್ಟೀಲಿನ ಲೋಟ ತೊಳೆದು, ನೀರು ತುಂಬಿ, ಕೌಂಟರಿನ ಮೂಲೆಯಲ್ಲಿಡುತ್ತಾರೆ. ಪಕ್ಕದಲ್ಲಿ ಬಿಸ್ಕಿಟ್ ಪೊಟ್ಟಣ. ಅವರ ಬಗ್ಗೆ ಬರೆಯಲು ಬಂದ ನಾನು ಕಪಾಟಿನ ಹಿಂದಿನ ಸ್ಟೂಲಿನಲ್ಲಿ ಕೂತಿದ್ದೇನೆ.

ಮೊದಲ ಗಿರಾಕಿಯ ಪಾದದ ಮೇಲೆ ಸಿಮೆಂಟು ಒಣಗಿದೆ. ತಲೆನೋವಿನ ಬಾಮು ಕೊಂಡ ಮೇಲೂ ಆಕೆ ಹೋಗುವುದಿಲ್ಲ. ವಾರಿಜಾ ಕೌಂಟರು ಒರೆಸುತ್ತಾರೆ. ದೂರದಲ್ಲೊಂದು ಲೋಕಲ್ ರೈಲು ಹಾದು, ಅದರ ಸದ್ದೂ ಕರಗುತ್ತದೆ.

"ಮೊನ್ನಿ ರಾತ್ರೀದು ರೀ," ಎನ್ನುತ್ತಾಳೆ ಕೊನೆಗೆ. "ಹೊಟ್ಟಿ ಕೊಯ್ದು ಕೂಸು ತಗದು ಆರ್ ತಿಂಗಳಾತು. ಈಗ ಮತ್ತ ಬಸಿರು ನಿಂತ್ರ ಜೀವಕ್ಕ ಕುತ್ತು ಅಂದಾರ ಡಾಕ್ಟರ್. ನಿನ್ನಿ ಇನ್ನೊಂದ್ ಅಂಗಡ್ಯಾಗ ಕೇಳಿದ್ರ, ಚೀಟಿ ತಾ, ಗಂಡನ್ನ ಕರ್ಕೊಂಡ್ ಬಾ ಅಂತ ನಕ್ಕ."

"ಬಸಿರು ತಡೆಯೋ ಈ ಮಾತ್ರೆಗೆ ಚೀಟಿ ಬೇಡ, ಗಂಡನೂ ಬೇಡ. ಮೂರು ದಿನದೊಳಗೆ ನುಂಗ್ಬೇಕು, ಬೇಗ ಆದಷ್ಟು ಒಳ್ಳೇದು. ಮೊದ್ಲು ಬಿಸ್ಕಿಟ್ ತಿನ್ನು."

ಆಕೆ ಅಲ್ಲೇ ನುಂಗುತ್ತಾಳೆ. ಮಾತ್ರೆಯ ಖಾಲಿ ಹಾಳೆ ವಾರಿಜಾರ ಕಸದ ಬುಟ್ಟಿ ಸೇರುತ್ತದೆ. "ಎರಡು ಮೂರು ಗಂಟೆಯೊಳಗೆ ವಾಂತಿಯಾದ್ರೆ ಬಾ. ಮುಟ್ಟು ಒಂದು ವಾರ ತಡ ಆದ್ರೂ ಬಾ. ಇದು ನೂರಕ್ಕೆ ನೂರು ಅಲ್ಲ."

ಕಟಪಾಡಿಯ ವಾರಿಜಾ ಮದುವೆಯಾಗಿ ಈ ಊರಿಗೆ ಬಂದವರು. ಗಂಡ ವಿಲೆ ಪಾರ್ಲೆಯ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದಾಗ ಇವರು ಚಾಳಿನ ಒಂದು ಖೋಲಿಯಲ್ಲಿ ಓದಿ ಫಾರ್ಮಸಿ ಡಿಪ್ಲೊಮಾ ಪಡೆದರು. ಲೋಟದ ಉಪಾಯ ಹುಟ್ಟಿದ್ದೂ ಆ ಖೋಲಿಯಿಂದಲೇ. "ಏಳು ಜನ, ಒಂದೇ ಕೋಣೆ. ಖಾಲಿ ಹಾಳೆ ಅಡಗಿಸ್ಲಿಕ್ಕೂ ಜಾಗ ಇಲ್ಲ ಮಾರಾಯ್ರೆ. ಇಲ್ಲೇ ನುಂಗಿದ್ರೆ ಬರೀ ಕೈಯಲ್ಲಿ ಮನೆಗೆ ಹೋಗ್ಬಹುದು," ಎನ್ನುತ್ತಾರೆ ನನ್ನೊಡನೆ.

ಮಾಲೀಕ ಹಿತೇಶ್ ಕಾಡುತ್ತಾರೆ: "ಮೌಶಿ, ಇದು ಮೆಡಿಕಲ್ಲೋ ಪಾನೀಪುರಿ ಠೇಲಾನೋ?"

"ನೀರಿಗೆ ಜಿಎಸ್‌ಟಿ ಇಲ್ಲ ಸೇಠ್, ಸುಮ್ನಿರಿ."

ಕೆಲವು ವಾರಗಳ ನಂತರ ನಾನು ಮತ್ತೆ ಹೋದಾಗಲೂ ಮುಂಜಾವದ ಅದೇ ಮಂಕು ಬೆಳಕು. ಅದೇ ಹೆಂಗಸು, ಜೊತೆಗೆ ಅತ್ತೆ. ಆಕೆಯ ಸೊಂಟದಲ್ಲಿ ಕೂಸು ನಿದ್ದೆಹೋಗಿದೆ.

"ಪ್ಯಾಡ್ ಕೊಡ್ರಿ," ಎನ್ನುತ್ತಾಳೆ, ಗೋಡೆಯನ್ನು ನೋಡುತ್ತ.

"ದೊಡ್ಡದಾ, ಸಣ್ಣದಾ ಅಕ್ಕ?" ವಾರಿಜಾರ ದನಿಯಲ್ಲಿ ಆಕೆ ಪೂರಾ ಅಪರಿಚಿತೆ.

ಅವರು ಗಲ್ಲಿಯ ತಿರುವು ದಾಟುವವರೆಗೂ ವಾರಿಜಾ ಕಪಾಟಿನತ್ತ ಮುಖಮಾಡಿ ನಿಂತಿರುತ್ತಾರೆ.

ಆಕೆಗೆ ನಿಮ್ಮ ಗುರುತು ಸಿಗಲಿಲ್ಲವೇ ಎಂದು ಕೇಳುತ್ತೇನೆ.

"ಯಾರಿಗೆ?" ಎನ್ನುತ್ತಾರೆ ವಾರಿಜಾ, ಲೋಟಕ್ಕೆ ಹೊಸ ನೀರು ತುಂಬುತ್ತ.