ಬಲಸುತ್ತಿನ ಓಟ

ನನ್ನ ಓದು ನಾಲ್ಕನೇ ಕ್ಲಾಸಿಗೇ ನಿಂತಿತು. ಆದರೂ ಕತಾರಿನ ದೋಹಾದಲ್ಲಿ ಮಗಳ ಓಟಕ್ಕೆ ನಾನೇ ಮೇಷ್ಟ್ರು.

ಕುವೈತಿಗೆ ಇರಾಕಿನ ಸೈನ್ಯ ನುಗ್ಗಿದ ವರ್ಷ ಅದು, ತೊಂಬತ್ತನೇ ಇಸವಿ. ನಮ್ಮ ಕಡೆ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಇವತ್ತೋ ನಾಳೆಯೋ ಎಂದು ಜನ ಗಾಜು ಸಿಡಿಯದಂತೆ ಕಿಟಕಿಗಳಿಗೆ ಟೇಪು ಅಂಟಿಸುತ್ತಿದ್ದರು. ರಜೆಯಲ್ಲಿ ಮೈಸೂರಿಗೆ ಹೋಗಿದ್ದಾಗ ಮಗಳು ಎಂಟುನೂರು ಮೀಟರ್ ಓಟಕ್ಕೆ ರಾಜ್ಯದ ತಂಡಕ್ಕೆ ಆಯ್ಕೆಯಾಗಿದ್ದಳು. ಚಳಿಗಾಲದಲ್ಲಿ ಇಂಡಿಯಾದಲ್ಲಿ ಇಡೀ ದೇಶದ ಹೆಂಗಸರ ಪಂದ್ಯ. ಅವಳಿಗೆ ಹದಿನೇಳು. ಪದಕ ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ.

ನಾವಿದ್ದ ಅಬು ಹಮೂರು ಬಡಾವಣೆಯ ರಸ್ತೆಯಲ್ಲಿ ಹೆಣ್ಣುಮಗಳು ಓಡುವ ಹಾಗಿರಲಿಲ್ಲ. ನಮ್ಮ ಕಾಂಪೌಂಡ್ ಗೋಡೆಯೊಳಗೇ, ನಾಲ್ಕು ಮನೆಗಳ ಸುತ್ತ ಓಡಬೇಕಿತ್ತು. ಬೆಳಗಿನ ಬಾಂಗು ಮುಗಿಯುತ್ತಲೇ ನಾನು ಮೆಟ್ಟಿಲ ಮೇಲೆ ಕೂತು, ಸುತ್ತಿಗೊಂದು ಕಡಲೆಕಾಳು ಪಕ್ಕಕ್ಕಿಡುತ್ತಿದ್ದೆ.

"ಮನೆ ಬಲಗಡೆ ಇರ್ಲಿ, ಪ್ರದಕ್ಷಿಣೆ ಹಾಕೋ ಹಾಗೆ," ಎಂದು ಮೊದಲ ದಿನವೇ ಹೇಳಿದ್ದೆ.

"ಅಮ್ಮ, ಗ್ರೌಂಡಲ್ಲಿ ಆ ಕಡೆ ಓಡಲ್ಲ, ಎಡಕ್ಕೆ ಸುತ್ತೋದು."

"ಓಡೋದು ಓಡೋದೇ. ಎಡಕ್ಕೆ ಸುತ್ತೋದು ಸತ್ತೋರನ್ನ ಇಟ್ಕೊಂಡು."

ಅವಳು ಮೂರು ತಿಂಗಳು ಬಲಕ್ಕೇ ಸುತ್ತಿದಳು.

ಪಕ್ಕದ ಮನೆಗೆ ಮಂಗಳೂರಿನ ಹೆಂಗಸೊಬ್ಬಳು ಹೊಸದಾಗಿ ಬಂದಿದ್ದಳು. ಕಾಲೇಜಿನಲ್ಲಿ ಓಡಿದವಳಂತೆ. ಮಗಳ ವಿಮಾನಕ್ಕೆ ಎಂಟು ದಿನವಿರುವಾಗ ಚಹಾ ಲೋಟ ಹಿಡಿದು ನನ್ನ ಪಕ್ಕ ಬಂದು ಕೂತಳು.

"ಎಂತ ಅಕ್ಕ, ಹುಡುಗಿಯನ್ನ ಉಲ್ಟಾ ಓಡಿಸ್ತಿದ್ದೀರಿ? ಹೀಗೇ ಅಭ್ಯಾಸ ಆದ್ರೆ ಅಲ್ಲಿ ತಿರುವಲ್ಲಿ ಹೊರಗೆ ಎಳೀತದೆ."

"ಯುದ್ಧ ಬರೋ ಹೊತ್ತಲ್ಲಿ ಮನೆನ ಎಡಕ್ಕೆ ಸುತ್ತಿಸ್ಲಾ?"

"ಇವಳು ಯಾವ ಕಡೆ ಓಡ್ತಾಳೆ ಅಂತ ನೋಡಿ ಬಾಂಬು ಹಾಕ್ತಾರಾ ಮಾರಾಯ್ರೆ? ಅಲ್ಲಿ ಇವಳ ಜೊತೆ ಓಡುವ ಏಳು ಜನವೂ ಎಡಕ್ಕೇ ತಿರುಗುವುದು."

ನನಗೆ ಕೋಪ ಬಂತು. ಅವಳ ಮೇಲಲ್ಲ. ಮಗಳು ಇದನ್ನೇ ಹೇಳಿದ್ದಳು, ನಾನು ಬಾಯಿ ಮುಚ್ಚಿಸಿದ್ದೆ.

ಮರುದಿನ "ಎಡಕ್ಕೆ ಓಡು" ಎಂದೆ. ಮಗಳು ದಿಕ್ಕು ತಿರುಗಿಸಿ ಓಡಿದಳು. ಮೊದಲ ತಿರುವಿನಲ್ಲೇ ಮುಗ್ಗರಿಸಿ ಗೋಡೆಗೆ ಕೈಕೊಟ್ಟು ನಿಂತು ನಕ್ಕಳು. ಮಂಗಳೂರಿನವಳು ಸೆರಗು ಸಿಕ್ಕಿಸಿಕೊಂಡು ಜೊತೆಗೆ ಓಡಿ, ತಿರುವಿನಲ್ಲಿ ಎಡ ಭುಜ ಇಳಿಸುವುದನ್ನು ತೋರಿಸಿದಳು. "ಯಲ್ಲಾ, ಯಲ್ಲಾ" ಎಂದು ಅರಬ್ಬರ ಹಾಗೆ ಬೇಗ ಬೇಗ ಎಂದು ಕೂಗುತ್ತಿದ್ದಳು. ಓಟ ಮುಗಿದ ಮೇಲೆ ಆ ಕಡಲೆಕಾಳನ್ನೇ ಹುರಿದು ಮೂವರೂ ತಿನ್ನುತ್ತಿದ್ದೆವು. ಕತಾರಿನಲ್ಲಿ ಇಪ್ಪತ್ತು ವರ್ಷ ಇದ್ದೆ. ಮತ್ತೆ ಬೇಕು ಅನ್ನಿಸುವುದು ಆ ಏಳು ಬೆಳಗು ಮಾತ್ರ.

ಪಂದ್ಯ ಮುಗಿದ ದಿನ ಮಗಳ ಫೋನು ಬಂತು.

"ನಾಲ್ಕನೇ ಸ್ಥಾನ ಬಂತಮ್ಮ. ಕೊನೇ ತಿರುವಲ್ಲಿ ಹೊರಗೆ ಹೋಗ್ಬಿಟ್ಟೆ. ಅಲ್ಲೇ ಒಬ್ಳು ಒಳಗಿಂದ ದಾಟಿದ್ಲು."

"ತಪ್ಪು ನಂದು," ಎಂದೆ.

"ಹೌದು," ಎಂದಳು.

ಅಲ್ಲಮ್ಮ ಎಂದು ಸಮಾಧಾನ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಭುಜ ಇಳಿಸಿದ್ದೆಯಾ ಎಂದು ಕೇಳಿದೆ. ಅರ್ಧ ಇಳಿಸಿದ್ದಳಂತೆ. ಲೈನು ಕಡಿಯುವ ತನಕ ಆ ತಿರುವಿನ ಮಾತೇ ಆಡಿದೆವು.